ಬೋರ್‌ವೆಲ್ ಬಿಟ್ಟಿನ ತುದಿಯಲ್ಲಿ ನಾವು ಬಿಟ್ಟ ಸುದ್ದಿ

ಬೋರ್‌ವೆಲ್ ಸುದ್ದಿ ನಾವು ಎಷ್ಟು ಸಲ ಕಳಿಸಿದ್ದೇವೋ ಲೆಕ್ಕವಿಲ್ಲ. ಎಷ್ಟು ಅಡಿ ಕೊರೆದರು, ಎಷ್ಟು ಇಂಚು ನೀರು ಬಂತು, ರೈತನ ತಲೆ ಮೇಲೆ ಎಷ್ಟು ಸಾಲ ಬಿತ್ತು, ಎಲ್ಲ ಬರೆದಿದ್ದೇವೆ. ಆದರೆ ಬಿಟ್ಟಿನ ಮುಖದಲ್ಲಿ ಕಾಳುಗಳಂತೆ ಕೂತು ಕಲ್ಲನ್ನು ಪುಡಿ ಮಾಡುವ ಬಟನ್‌ಗಳ ಬಗ್ಗೆ ಒಂದು ಪ್ಯಾರಾ ಕೂಡ ಬರೆದಿಲ್ಲ.

ಆ ಬಟನ್ ಬರೀ ಉಕ್ಕಲ್ಲ. ಪಿಂಗಾಣಿಯಂತೆ ಗಡಸಾದ ಟಂಗ್‌ಸ್ಟನ್ ಕಾರ್ಬೈಡ್ ಪುಡಿ, ಅದನ್ನು ಹಿಡಿದಿಡಲು ಕೋಬಾಲ್ಟ್ ಲೋಹದ ಪುಡಿ. 1920ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈ ಮಿಶ್ರಣವನ್ನು ಕ್ರುಪ್ ಕಂಪನಿ ‘ವಿಡಿಯಾ’ ಎಂಬ ಹೆಸರಲ್ಲಿ ಮಾರಿತು. ವಜ್ರದಂತೆ ಎಂದು ಅದರರ್ಥ. ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಸುಮಾರು 1400 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ಕೋಬಾಲ್ಟ್ ಕರಗಿ ಕಣಗಳನ್ನು ಬೆಸೆಯುತ್ತದೆ.

ಪ್ರಯೋಗಾಲಯಗಳಲ್ಲಿ ಈಗ ಇನ್ನೊಂದು ದಾರಿ ಇದೆ. ಪುಡಿಯನ್ನು ಗ್ರಾಫೈಟ್ ಅಚ್ಚಿಗೆ ತುಂಬಿ, ಮೇಲೆ ಕೆಳಗೆ ಒತ್ತುತ್ತಾ ನೇರ ಕರೆಂಟನ್ನೇ ಹರಿಸುವುದು. ವೋಲ್ಟ್ ಹತ್ತರ ಆಸುಪಾಸು, ಆಂಪಿಯರ್ ಸಾವಿರಗಳಲ್ಲಿ. ನಿಮಿಷಕ್ಕೆ ನೂರಾರು ಡಿಗ್ರಿ ಶಾಖ ಏರುತ್ತದೆ. ಕೆಲಸ ನಿಮಿಷಗಳಲ್ಲಿ ಮುಗಿಯುವುದರಿಂದ ಕಣಗಳಿಗೆ ದಪ್ಪಗಾಗಲು ಸಮಯ ಸಿಗುವುದಿಲ್ಲ, ತುಂಡು ಇನ್ನಷ್ಟು ಗಡಸಾಗುತ್ತದೆ. ಇದರ ಹೆಸರು ‘ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್’.

ಕಾಲೇಜೊಂದರ ಕಾರ್ಯಾಗಾರದ ಸುದ್ದಿಯಲ್ಲಿ ನಾವು ಈ ‘ಪ್ಲಾಸ್ಮಾ ತಂತ್ರಜ್ಞಾನ’ವನ್ನು ಪ್ರೆಸ್‌ನೋಟ್‌ನಲ್ಲಿದ್ದ ಹಾಗೆಯೇ ಇಳಿಸಿ ಕಳಿಸಿದ್ದೆವು. ಆಮೇಲೆ ಓದಿದಾಗ ನಾಚಿಕೆಯಾಯಿತು. ಅಚ್ಚಿನೊಳಗೆ ಪ್ಲಾಸ್ಮಾ ಹುಡುಕಿದ ಸಂಶೋಧಕರು ಅದರ ಸುಳಿವೇ ಸಿಗಲಿಲ್ಲವೆಂದು 2008ರಲ್ಲೇ ಪ್ರಕಟಿಸಿದ್ದರು. ನಡೆಯುವುದು ಬಹುಮಟ್ಟಿಗೆ ಇಸ್ತ್ರಿಪೆಟ್ಟಿಗೆಯಲ್ಲಿ ನಡೆಯುವುದೇ: ಕರೆಂಟ್ ಹರಿದಾಗ ಹುಟ್ಟುವ ಶಾಖ, ಜೊತೆಗೆ ಒತ್ತಡ. ಹೆಸರಿನ ಥಳುಕಿಗೆ ನಾವು ಮರುಳಾಗಿದ್ದೆವು.

ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು, ಅದು ಬೈಪಾಸ್ ಬದಿಯ ಶೆಡ್ಡಿನಲ್ಲಿತ್ತು. ಅಲ್ಲಿ ಸವೆದ ಬಟನ್‌ಗಳಿಗೆ ಸಾಣೆ ಹಿಡಿಯುವ ಹುಡುಗ ಮೂಗಿಗೆ ಟವೆಲ್ ಕೂಡ ಕಟ್ಟಿರಲಿಲ್ಲ. “ಕಟ್ಟಿಕೊಂಡ್ರೆ ಉಸಿರು ಕಟ್ಟುತ್ತೆ ಸಾರ್” ಅಂದ. ಕಾರ್ಬೈಡ್ ಕೋಬಾಲ್ಟ್ ದೂಳು ಕೆಲವರ ಶ್ವಾಸಕೋಶವನ್ನು ಗಟ್ಟಿಗಟ್ಟಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ಪಟ್ಟಿಗೆ ಸೇರಿಸಿದೆ.

ಕರೆಂಟ್ ಹರಿಸುವ ವಿಧಾನದಲ್ಲಿ ಕೋಬಾಲ್ಟ್ ಇಲ್ಲದೆಯೂ ಕಾರ್ಬೈಡನ್ನು ಗಟ್ಟಿ ಮಾಡಬಹುದು. ನಿಜವಾದ ಸುದ್ದಿ ಇದು. ಆದರೆ ಅಂಟಿಲ್ಲದ ಕಾರ್ಬೈಡ್ ಪೆಟ್ಟಿಗೆ ಬೇಗ ಬಿರುಕು ಬಿಡುತ್ತದೆ, ಬೋರ್‌ವೆಲ್ ಬಿಟ್ಟಿಗೋ ಬೀಳುವುದೆಲ್ಲ ಪೆಟ್ಟೇ. ಸಾಲದ್ದಕ್ಕೆ ಈ ಯಂತ್ರದಲ್ಲಿ ಒಂದು ಸಲಕ್ಕೆ ಬರುವುದು ಕೆಲವೇ ತುಂಡು, ಗ್ರಾಫೈಟ್ ಅಚ್ಚು ಬೇಗ ಸವೆಯುತ್ತದೆ. ಸಾವಿರಾರು ಬಟನ್ ಒಟ್ಟಿಗೆ ಬೇಯಿಸುವ ಹಳೆ ಕುಲುಮೆಯ ದರಕ್ಕೆ ಇದು ಸದ್ಯಕ್ಕೆ ಇಳಿಯದು.

ಹಾಗಾಗಿ ಆ ಹುಡುಗ ಪ್ರಯೋಗಾಲಯಕ್ಕಾಗಿ ಕಾಯುವಂತಿಲ್ಲ. ನೀರು ಹಾಯಿಸಿಕೊಂಡು ಸಾಣೆ ಹಿಡಿಯುವುದು, ದೂಳೆಳೆಯುವ ಫ್ಯಾನು, ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕು ಇವತ್ತೇ ಬೇಕು. ಇವ್ಯಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ, ಮಾಲೀಕರು ಖರ್ಚು ಮಾಡಬೇಕು, ಕಾರ್ಮಿಕ ಇಲಾಖೆ ಶೆಡ್ಡಿಗೆ ಬರಬೇಕು.

ಗೆಳೆಯರೇ, ಮುಂದಿನ ಸಲ ‘ಅತ್ಯಾಧುನಿಕ’ ಎಂಬ ಪ್ರೆಸ್‌ನೋಟ್ ಕೈಗೆ ಬಂದಾಗ, ಇದರಿಂದ ಯಾರ ಎದೆಯ ದೂಳು ಕಡಿಮೆಯಾಗುತ್ತದೆ ಎಂದು ಕೇಳೋಣ. ಉತ್ತರ ಸಿಗದಿದ್ದರೆ ಅದನ್ನೇ ಬರೆಯೋಣ. ನಾವಂತೂ ಮೊದಲು ಆ ಶೆಡ್ಡಿಗೆ ಮತ್ತೆ ಹೋಗುತ್ತಿದ್ದೇವೆ.