ಗಾಲಿಮನೆಯ ವಿದ್ಯುತ್ ದೋಷ: ಊಹೆಯೋ, ವಿಚಾರವೋ?

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಮನೆಯನ್ನೇ ಗಾಲಿಗಳ ಮೇಲೇರಿಸಿಕೊಂಡು ಊರೂರು ಸಂಚರಿಸುವ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ಅಲ್ಲಿಯವರು ‘ಆರ್.ವಿ.’ ಎಂದು ಕರೆಯುವ ಈ ವಿಹಾರವಾಹನದಲ್ಲಿ ಹಾಸಿಗೆ, ಅಡಿಗೆಯ ಒಲೆ, ಸ್ನಾನದ ಕೋಣೆ, ಗೋಡೆಗಳಲ್ಲಿ ವಿದ್ಯುತ್ ಸಾಕೆಟ್ಟುಗಳು ಎಲ್ಲವೂ ಉಂಟು. ಒಂದು ಸಾಕೆಟ್ಟು ಕೆಲಸ ಮಾಡದೆ ನಿಂತಿತೆಂದರೆ ಹಲವರು ಮಾಡುವುದೇನು? ಕಂಡ ಗುಂಡಿಯನ್ನೆಲ್ಲ ಒತ್ತುವರು. ಹೊಸ ಸಾಕೆಟ್ಟು ತಂದು ಕೂರಿಸುವರು. ರಕ್ಷಕ ಸಾಧನವು ಪದೇ ಪದೇ ಪ್ರವಾಹವನ್ನು ಕಡಿಯುತ್ತಿದ್ದರೆ ಅದನ್ನೇ ಕಿತ್ತು ತಂತಿಯನ್ನು ನೇರವಾಗಿ ಜೋಡಿಸುವವರೂ ಇಲ್ಲದಿಲ್ಲ. ಮೊದಲನೆಯದು ಕಾಲಹರಣ, ಎರಡನೆಯದು ಧನವ್ಯಯ, ಮೂರನೆಯದು ಪ್ರಾಣಾಪಾಯ. ದೋಷವನ್ನು ಕ್ರಮವಾಗಿ ಹುಡುಕುವುದು ಭೌತವಿಜ್ಞಾನದ ಒಂದು ಅಂಗವೆಂದೂ, ಅದನ್ನು ವಿದ್ಯಾರ್ಥಿಗಳಿಗೆ ಕಲಿಸಲೇಬೇಕೆಂದೂ ನನ್ನ ಅಭಿಪ್ರಾಯ. ಈ ವಾಹನವು ಅದಕ್ಕೊಂದು ಉತ್ತಮ ನಿದರ್ಶನ.

ಈ ವಾಹನದಲ್ಲಿ ಎರಡು ಬಗೆಯ ವಿದ್ಯುತ್ ವ್ಯವಸ್ಥೆಗಳಿರುವುವು. ದೀಪ, ನೀರಿನ ಪಂಪು ಮೊದಲಾದುವು ಸಾಮಾನ್ಯವಾಗಿ ಬ್ಯಾಟರಿಯ 12 ವೋಲ್ಟ್ ಏಕಮುಖ ಪ್ರವಾಹದಿಂದ ನಡೆಯುವುವು. ಗೋಡೆಯ ಸಾಕೆಟ್ಟುಗಳಿಗಾದರೋ ಆ ದೇಶದ 120 ವೋಲ್ಟ್ ಪರ್ಯಾಯ ಪ್ರವಾಹ ಬೇಕು. ಅದು ತಂಗುದಾಣದ ವಿದ್ಯುತ್ ಕಂಬದಿಂದ ಬರಬಹುದು, ವಾಹನದ ಜನರೇಟರಿನಿಂದ ಬರಬಹುದು, ಇಲ್ಲವೆ ಬ್ಯಾಟರಿಯ ಪ್ರವಾಹವನ್ನು ಪರಿವರ್ತಿಸುವ ಇನ್‌ವರ್ಟರಿನಿಂದ ಬರಬಹುದು. ಆದುದರಿಂದ ‘ದೀಪ ಉರಿಯುತ್ತಿದೆ, ಎಂದ ಮೇಲೆ ಕಂಬದಿಂದ ವಿದ್ಯುತ್ತು ಬರುತ್ತಿದೆ’ ಎಂಬ ತರ್ಕವು ಇಲ್ಲಿ ಸಲ್ಲದು.

ಹಾಗಾದರೆ ಸರಿಯಾದ ಮೊದಲ ಪ್ರಶ್ನೆ ಯಾವುದು? ಕೆಟ್ಟಿರುವುದು ಒಂದೇ ಸಾಕೆಟ್ಟೋ, ಕೆಲವೋ, ಎಲ್ಲವೋ ಎಂಬುದು. ಎಲ್ಲವೂ ಕೆಟ್ಟಿದ್ದರೆ ಕಾರಣವು ಮೂಲದ ಕಡೆಗಿರುವುದು: ಕಂಬದ ಬ್ರೇಕರು, ದಪ್ಪ ಕೇಬಲ್ಲು, ಮೂಲಗಳನ್ನು ಬದಲಾಯಿಸುವ ಸ್ವಿಚ್ಚು, ಮುಖ್ಯ ಬ್ರೇಕರು. ಕಂಬದ ಸಂಪರ್ಕವಿಲ್ಲದೆ ಇನ್‌ವರ್ಟರಿನಿಂದ ಮಾತ್ರ ನಡೆಯುತ್ತಿದ್ದರೆ, ಅನೇಕ ವಾಹನಗಳಲ್ಲಿ ಕೆಲವೇ ಸಾಕೆಟ್ಟುಗಳು ಜೀವಂತವಾಗಿರುವುದು ಸಹಜ; ಅದು ದೋಷವೇ ಅಲ್ಲ. 30 ಆಂಪಿಯರ್ ಸಂಪರ್ಕವು ಕೊಡಬಲ್ಲದು 3600 ವಾಟ್ ಮಾತ್ರ. 1500 ವಾಟಿನ ಮೂರು ಉಪಕರಣಗಳನ್ನು ಒಟ್ಟಿಗೆ ನಡೆಸಿದರೆ ಬ್ರೇಕರು ಬೀಳುವುದು ಅದರ ಧರ್ಮ. ಒಂದೊಂದು ಪ್ರಶ್ನೆಯೂ ಹುಡುಕಬೇಕಾದ ಕ್ಷೇತ್ರವನ್ನು ಕಿರಿದುಗೊಳಿಸುತ್ತ ಹೋಗುವುದನ್ನು ಗಮನಿಸಿರಿ.

ಕೆಲವು ಸಾಕೆಟ್ಟುಗಳು ಮಾತ್ರ ನಿಂತಿದ್ದರೆ ಜಿ.ಎಫ್.ಸಿ.ಐ. ಎಂಬ ಸೋರಿಕೆ ರಕ್ಷಕದ ಕಡೆಗೆ ನೋಡಬೇಕು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜೀಲರು 1961ರಲ್ಲಿ ಇದನ್ನು ರೂಪಿಸಿದರು. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮನಾಗಿವೆಯೇ ಎಂದು ಇದು ಸದಾ ಹೋಲಿಸುತ್ತಿರುವುದು. ಸುಮಾರು 5 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡೊಡನೆ ಕ್ಷಣಾರ್ಧದಲ್ಲಿ ಮಂಡಲವನ್ನು ಕಡಿಯುವುದು. ಆ ಕಾಣೆಯಾದ ಪ್ರವಾಹವು ಯಾರದೋ ದೇಹದ ಮೂಲಕ ಭೂಮಿಗಿಳಿಯುತ್ತಿರಬಹುದಲ್ಲವೆ? 15 ಆಂಪಿಯರಿನ ಬ್ರೇಕರಿಗೆ ಇಷ್ಟು ಅಲ್ಪವಾದ ಸೋರಿಕೆ ಗೋಚರಿಸುವುದೇ ಇಲ್ಲ. ವಾಹನಗಳಲ್ಲಿ ಸ್ನಾನದ ಕೋಣೆಯ ಒಂದೇ ರಕ್ಷಕವು ಅಡಿಗೆಯ ಕಟ್ಟೆಯ ಹಾಗೂ ಹೊರಗೋಡೆಯ ಸಾಕೆಟ್ಟುಗಳನ್ನೂ ಕಾಯುವುದುಂಟು. ಹೊರಗಿನ ಸಾಕೆಟ್ಟಿಗೆ ಮಳೆಯ ನೀರು ಹೊಕ್ಕರೆ ಒಳಗೆ ಅಡಿಗೆಯ ಸಾಕೆಟ್ಟು ನಿಲ್ಲುವುದು! ಒಮ್ಮೆ ಗುಂಡಿಯೊತ್ತಿ ನೋಡುವುದು ತಪ್ಪಲ್ಲ. ಮತ್ತೆ ಕಡಿದರೆ ಉಪಕರಣಗಳನ್ನು ಒಂದೊಂದಾಗಿ ಬಿಡಿಸಿ ಸೋರಿಕೆಯ ತಾಣವನ್ನು ಹುಡುಕಬೇಕು. ಕಾವಲುಗಾರನು ಕೂಗಿದನೆಂದು ಕಾವಲುಗಾರನನ್ನೇ ಓಡಿಸುವುದು ಯಾವ ನ್ಯಾಯ?

ಒಂದೇ ಸಾಕೆಟ್ಟು ಕೆಟ್ಟಿದ್ದರೆ ಸಡಿಲವಾದ ಜೋಡಣೆಯನ್ನು ಸಂಶಯಿಸಬೇಕು. ರಸ್ತೆಯ ಕುಲುಕಾಟವನ್ನು ಇಟ್ಟಿಗೆಯ ಮನೆ ಅರಿಯದು; ಗಾಲಿಮನೆಗೆ ಅದು ನಿತ್ಯದ ಅನುಭವ. ಇಲ್ಲಿ ಮೀಟರೂ ನಮ್ಮನ್ನು ವಂಚಿಸಬಲ್ಲದು. ಕೆಟ್ಟ ಜೋಡಣೆಯ ರೋಧವು 10,000 ಓಮ್ ಎಂದಿಟ್ಟುಕೊಳ್ಳಿರಿ. ಒಂದು ಕೋಟಿ ಓಮ್ ರೋಧವುಳ್ಳ ಡಿಜಿಟಲ್ ಮೀಟರು ಸಾಕೆಟ್ಟಿನಲ್ಲಿ 119.9 ವೋಲ್ಟ್ ತೋರಿಸುವುದು. ಆದರೆ ಅಲ್ಲಿಗೆ 60 ವಾಟಿನ ತಂತುದೀಪವನ್ನು ಜೋಡಿಸಿದರೆ, ಅದರ ರೋಧ 240 ಓಮ್ ಮಾತ್ರವಾದುದರಿಂದ ಅದಕ್ಕೆ ದೊರೆಯುವುದು 3 ವೋಲ್ಟಿಗಿಂತಲೂ ಕಡಿಮೆ, ದೀಪ ಉರಿಯದು. ಓಮನ ನಿಯಮವನ್ನು ಬಲ್ಲವನು ಹೊರೆಯೊಡನೆ ಅಳೆಯುವನು. ಬಾಯಿಪಾಠ ಮಾಡಿದವನು ಮೀಟರನ್ನು ಶಪಿಸುವನು. ಇನ್ನೊಂದು ಜೋಡಣೆಯ ರೋಧವು ಕೇವಲ 0.2 ಓಮ್ ಇದ್ದು, ಅದರಲ್ಲಿ 12 ಆಂಪಿಯರ್ ಹರಿದರೆ, ಆ ಒಂದು ಬಿಂದುವಿನಲ್ಲೇ ಸುಮಾರು 29 ವಾಟ್ ಶಾಖ ಹುಟ್ಟುವುದು. ಇದು ಪ್ರಯೋಗಶಾಲೆಯ ಸಾಲ್ಡರಿಂಗ್ ಐರನ್ನಿನ ಶಾಖಕ್ಕೆ ಕಡಿಮೆಯೇನಲ್ಲ. ಬ್ರೇಕರು ಬೀಳದು, ಮರದ ಗೋಡೆ ಮಾತ್ರ ಕರಿಯಾಗುತ್ತ ಬರುವುದು.

ಎಲ್ಲಕ್ಕಿಂತ ಭಯಂಕರವಾದುದು ಭೂತಂತಿಯ ಭಂಗ. ವಾಹನವು ರಬ್ಬರ್ ಗಾಲಿಗಳ ಮೇಲೆ ನಿಂತಿದೆ. ಭೂತಂತಿ ತುಂಡಾಗಿದ್ದು ಎಲ್ಲಿಯಾದರೂ ವಿದ್ಯುತ್ತು ಲೋಹದ ಮೈಗೆ ಸೋರಿದರೆ, ಇಡೀ ವಾಹನವೇ ವಿಭವಕ್ಕೇರಿ ನಿಲ್ಲುವುದು. ಒಳಗಿರುವವರಿಗೆ ಏನೂ ತಿಳಿಯದು. ಒದ್ದೆ ನೆಲದಲ್ಲಿ ನಿಂತು ಬಾಗಿಲ ಹಿಡಿಯನ್ನು ಮುಟ್ಟಿದವನ ಮೂಲಕವೇ ಪ್ರವಾಹವು ನೆಲವನ್ನು ಸೇರುವುದು. ಬಾಗಿಲನ್ನು ಮುಟ್ಟಿದಾಗ ‘ಜುಂ’ ಎಂದರೆ ಕೂಡಲೆ ಕೈಬಿಟ್ಟು ದೂರ ಸರಿದು, ಉಳಿದವರನ್ನೂ ತಡೆದು, ವಾಹನವನ್ನು ಮುಟ್ಟದೆ ಕಂಬದ ಬ್ರೇಕರನ್ನು ಆರಿಸಬೇಕು. ಮುಂದಿನದು ನುರಿತ ಕೆಲಸಗಾರನ ಪಾಲು. ನಮ್ಮ ದೇಶದಲ್ಲಿ ಮನೆಯ ವಿದ್ಯುತ್ತು 230 ವೋಲ್ಟ್ ಎಂಬುದನ್ನೂ ಮರೆಯಬೇಡಿರಿ. ಗೋಡೆಯ ಸಾಕೆಟ್ಟನ್ನು ಬಿಚ್ಚಿ ಪ್ರಯೋಗ ಮಾಡಿರೆಂದು ನಾನು ಹೇಳುತ್ತಿಲ್ಲ.

ನಾನು ಕೇಳುವುದು ಬೇರೆ. ನಮ್ಮ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗೆ ಸರಿಯಾಗಿರುವ ಮಂಡಲವನ್ನು ಕೊಟ್ಟು, ಮೊದಲೇ ತಿಳಿದ ಉತ್ತರವನ್ನು ಬರೆಸುತ್ತೇವೆ. ವರ್ಷಕ್ಕೊಮ್ಮೆಯಾದರೂ 6 ವೋಲ್ಟ್ ಬ್ಯಾಟರಿಯ ಒಂದು ಕೆಟ್ಟ ಮಂಡಲವನ್ನು ಅವನ ಮುಂದಿಟ್ಟು, ದೋಷವೆಲ್ಲಿದೆ ಎಂದು ಕೇಳೋಣ. ಪ್ರತಿ ಹೆಜ್ಜೆಯಲ್ಲೂ ಏನನ್ನು ಊಹಿಸಿದನು, ಯಾವ ಅಳತೆಯಿಂದ ಆ ಊಹೆಯನ್ನು ಪರೀಕ್ಷಿಸಿದನು ಎಂಬುದನ್ನು ಬರೆಯಲಿ. ಅಂಕಗಳನ್ನು ಅದಕ್ಕೆ ಕೊಡೋಣ. ಹೀಗೆ ಕಲಿತವನು ಮುಂದೆ ಯಾವ ನಾಡಿನ ಯಾವ ಮನೆಯಲ್ಲಿದ್ದರೂ, ಬಿದ್ದ ಬ್ರೇಕರನ್ನು ಕಂಡು ‘ಏಕೆ ಬಿದ್ದಿತು?’ ಎಂದು ಮೊದಲು ಕೇಳುವನು, ಕೈಯನ್ನು ಆಮೇಲೆ ಚಾಚುವನು.