ಕೂಡಿ ಹಾಡಿದ ಕವಿತೆ

ಪರೀಕ್ಷೆಯು ಸಮೀಪಿಸುತ್ತಲೇ ನಮ್ಮ ಹೈಸ್ಕೂಲುಗಳಲ್ಲಿ ಮೊದಲು ಮಾಯವಾಗುವುದು ಹಾಡಿನ ಗಂಟೆ. ಗಣಿತಕ್ಕೆ ವೇಳೆ ಸಾಲದು, ವಿಜ್ಞಾನದ ಪಾಠಗಳು ಮುಗಿದಿಲ್ಲ, ಹಾಡಿನಿಂದ ಅಂಕಗಳು ಬರುವುದಿಲ್ಲ ಎಂದು ಹೇಳಿ ಅದನ್ನು ವೇಳಾಪಟ್ಟಿಯಿಂದ ತೆಗೆದುಹಾಕುವುದು ಬಹು ಸುಲಭವಾದ ಕೆಲಸವಾಗಿದೆ. ತಾಯಿತಂದೆಗಳು ಇದಕ್ಕೆ ಸಂತೋಷದಿಂದ ಒಪ್ಪುತ್ತಾರೆ. ಉಪಾಧ್ಯಾಯಿನಿಯರಲ್ಲಿಯೂ ಅನೇಕರು ಒಪ್ಪುತ್ತಾರೆ. ಆದರೆ ಹೀಗೆ ನಾವು ತೆಗೆದುಹಾಕುವುದು ಏನನ್ನು ಎಂದು ಒಂದು ಸಾರಿ ನಿಂತು ಯೋಚಿಸಬೇಕು. ಉತ್ತಮವಾದ ಕವಿತೆಯೊಂದನ್ನು ಅದಕ್ಕೆ ತಕ್ಕ ರಾಗದಲ್ಲಿ ಅನೇಕರು ಕೂಡಿ ಹಾಡಿ ಕಲಿತರೆ, ಅದು ಹಾಡಿದವರ ಹೃದಯದಲ್ಲಿ ಬಾಳಿನ ಕೊನೆಯ ತನಕ ಉಳಿದು, ಕಷ್ಟಕಾಲದಲ್ಲಿ ಅವರನ್ನು ಎತ್ತಿ ಹಿಡಿಯುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯವು. ಶಾಲೆಯಲ್ಲಿ ನಾವು ಕಲಿಸುವ ಇತರ ಅನೇಕ ವಿಷಯಗಳನ್ನು ಕುರಿತು ಇಷ್ಟು ಧೈರ್ಯದಿಂದ ಹೇಳಲಾಗದು.

ಓದಿದ ಕವಿತೆಗೂ ಹಾಡಿದ ಕವಿತೆಗೂ ಇರುವ ಭೇದವು ಅಲ್ಪವಾದದ್ದಲ್ಲ. ಓದುವಾಗ ಕಣ್ಣು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಓಡುತ್ತದೆ. ಬುದ್ಧಿಯು ಅರ್ಥವನ್ನು ಗ್ರಹಿಸಿ ಮುಂದೆ ಸಾಗುತ್ತದೆ. ಹಾಡುವಾಗಲಾದರೋ ಮಾತಿಗೆ ನಮ್ಮ ಉಸಿರನ್ನೇ ಕೊಡಬೇಕು. ಒಂದು ಪದದ ಮೇಲೆ ನಿಲ್ಲಬೇಕು, ಇನ್ನೊಂದಕ್ಕಾಗಿ ಕಾಯಬೇಕು, ಒಂದೇ ಸಾಲನ್ನು ಹತ್ತು ಸಾರಿ ಮರಳಿ ಹೇಳಬೇಕು. ಹೀಗೆ ಕವಿಯ ಮಾತು ನಾಲಿಗೆಯ ಮೇಲೆಯೂ ಎದೆಯೊಳಗೂ ಮನೆಮಾಡಿಕೊಳ್ಳುತ್ತದೆ. ಇದಲ್ಲದೆ ವೃಂದಗಾನದಲ್ಲಿ ಯಾವಳೂ ಒಂಟಿಯಲ್ಲ. ಕೆಳಗಿನ ದನಿಯನ್ನು ಹಾಡುವ ಬಾಲಕಿಯು ತನ್ನ ಪಾಲನ್ನು ಮಾತ್ರ ಹಾಡಿದರೆ ಅದು ಅರ್ಧ ಹಾಡೇ ಸರಿ. ಮೇಲಿನ ದನಿಯವಳು ಸೇರಿದಾಗಲೇ ಅದು ಪೂರ್ಣವಾಗುತ್ತದೆ. 2013ರಲ್ಲಿ ಸ್ವೀಡನ್ ದೇಶದ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಕೂಡಿ ಹಾಡುವ ತರುಣ ತರುಣಿಯರ ಹೃದಯದ ಬಡಿತವನ್ನು ಅಳೆದು ನೋಡಿ, ಹಾಡಿನ ಸಾಲುಗಳೊಂದಿಗೆ ಉಸಿರು ಏರಿಳಿಯುವ ಹಾಗೆ ಅವರ ಹೃದಯಗಳ ಗತಿಯೂ ಒಟ್ಟಿಗೆ ಏರಿಳಿಯುವುದೆಂದು ಪ್ರಕಟಿಸಿದರು. ಒಂದೇ ಹೃದಯದಿಂದ ಹಾಡಿರಿ ಎಂದು ಹಿರಿಯರು ಹೇಳುತ್ತಿದ್ದ ಮಾತು ಬರಿಯ ಅಲಂಕಾರವಲ್ಲವೆಂದು ಇದರಿಂದ ತೋರುತ್ತದೆ.

ಬಹಳ ವರ್ಷಗಳ ಮೇಲೆ ಶಾಲೆಯನ್ನು ನೋಡಲು ಬರುವ ಹಳೆಯ ವಿದ್ಯಾರ್ಥಿನಿಯರನ್ನು ಮಾತನಾಡಿಸಿ ನೋಡಿರಿ. ಅರಸರ ಪಟ್ಟಾಭಿಷೇಕದ ವರ್ಷಗಳು ಅವರಿಗೆ ಮರೆತುಹೋಗಿರುತ್ತವೆ. ಬೀಜಗಣಿತದ ಸೂತ್ರಗಳೂ ಹೋಗಿರುತ್ತವೆ. ಕ್ರಿಸ್ಮಸ್ ಹಬ್ಬಕ್ಕೆ ಕಲಿತ ಹಾಡಿನ ಎರಡನೆಯ ದನಿಯಾದರೋ ಹಾಗೆಯೇ ಉಳಿದಿರುತ್ತದೆ; ತನ್ನ ಪಕ್ಕದಲ್ಲಿ ನಿಂತು ಹಾಡಿದವಳು ಯಾರೆಂಬುದೂ ನೆನಪಿರುತ್ತದೆ. ಮುಪ್ಪಿನಲ್ಲಿ ನೆನಪು ಮಸುಕಾಗಿ ಮಕ್ಕಳ ಹೆಸರನ್ನೂ ಮರೆತವರು ಬಾಲ್ಯದಲ್ಲಿ ಕಲಿತ ಹಾಡನ್ನು ಸಾಲು ತಪ್ಪದೆ ಹಾಡುವುದನ್ನು ಅವರ ಸೇವೆಮಾಡುವವರು ಎಷ್ಟೋ ಸಾರಿ ಕಂಡಿದ್ದಾರೆ.

ನಮ್ಮ ಸತ್ಯವೇದವನ್ನು ಓದುವವರಿಗೆ ಇದು ಹೊಸ ಸಂಗತಿಯಲ್ಲ. ಕೆಂಪು ಸಮುದ್ರವನ್ನು ದಾಟಿದ ಮೇಲೆ ಮಿರ್ಯಾಮಳು ದಮ್ಮಡಿಯನ್ನು ಕೈಗೆ ತೆಗೆದುಕೊಂಡಾಗ ಇಸ್ರಾಯೇಲಿನ ಸ್ತ್ರೀಯರೆಲ್ಲರೂ ಅವಳ ಹಿಂದೆ ಹೊರಟರು. ಕೀರ್ತನೆಗಳು 150 ಕೂಡ ಮೊದಲು ಹಾಡಿಗಾಗಿಯೇ ಇದ್ದ ಕವಿತೆಗಳು. ಫಿಲಿಪ್ಪಿಯ ಸೆರೆಮನೆಯಲ್ಲಿ ನಡುರಾತ್ರಿಯಲ್ಲಿ ಪೌಲನೂ ಸೀಲನೂ ಹಾಡಿದ್ದು ಪುಸ್ತಕವನ್ನು ನೋಡಿಕೊಂಡಲ್ಲ. ಅವರ ಕಾಲುಗಳು ಕೋಳದಲ್ಲಿದ್ದವು, ಹಾಡು ಹೃದಯದಲ್ಲಿತ್ತು.

ಹೆಣ್ಣುಮಕ್ಕಳ ಶಾಲೆಯಿಂದ ಈ ವಿಷಯದಲ್ಲಿ ಏನು ಸಾಧ್ಯವೆಂಬುದಕ್ಕೆ ಗುಸ್ತಾವ್ ಹೋಲ್ಸ್ಟರ ಜೀವನವು ಒಳ್ಳೆಯ ದೃಷ್ಟಾಂತವಾಗಿದೆ. ಇವರು 1905ರಿಂದ 1934ರಲ್ಲಿ ತಾವು ತೀರಿಹೋಗುವ ತನಕ ಲಂಡನ್ನಿನ ಸೇಂಟ್ ಪಾಲ್ಸ್ ಬಾಲಿಕಾ ಪಾಠಶಾಲೆಯಲ್ಲಿ ಸಂಗೀತವನ್ನು ಕಲಿಸಿದರು. ಬಾಲಕಿಯರಿಗೆಂದು ಆ ಕಾಲದಲ್ಲಿ ಅಚ್ಚಾಗುತ್ತಿದ್ದ ಸತ್ವವಿಲ್ಲದ ಸಿಹಿ ಹಾಡುಗಳು ಅವರಿಗೆ ಹಿಡಿಸಲಿಲ್ಲ. ಚಿಕ್ಕವರೆಂದು ಹಗುರವಾದದ್ದನ್ನು ಕೊಡದೆ, ಮಹಾ ಸಂಗೀತಗಾರರ ಕೃತಿಗಳನ್ನೇ ಅವರ ಮುಂದಿಟ್ಟರು. ನಮ್ಮ ದೇಶದ ಋಗ್ವೇದದ ಸೂಕ್ತಗಳಲ್ಲಿ ಅವರಿಗೆ ಅಭಿರುಚಿ ಹುಟ್ಟಿತು. ಆಗ ದೊರೆಯುತ್ತಿದ್ದ ಇಂಗ್ಲಿಷ್ ಭಾಷಾಂತರಗಳು ಹಾಡಲು ತಕ್ಕವಾಗಿ ತೋರದೆ, ತಾವೇ ಸಂಸ್ಕೃತವನ್ನು ಕಲಿಯಲು ಕುಳಿತು, ತಾವೇ ಭಾಷಾಂತರಿಸಿ, 1908ರಿಂದ 1912ರ ವರೆಗೆ ಅವುಗಳನ್ನು ವೃಂದಗಾನಕ್ಕೆ ಅಳವಡಿಸಿದರು. ಅವುಗಳಲ್ಲಿ ಮೂರನೆಯ ಗುಚ್ಛವು ಸ್ತ್ರೀಕಂಠಗಳಿಗಾಗಿಯೂ ಹಾರ್ಪ್ ಎಂಬ ತಂತಿವಾದ್ಯಕ್ಕಾಗಿಯೂ ರಚಿತವಾಗಿದೆ. ಮಾತಿನ ನಿಜವಾದ ಅರ್ಥವು ಕೈಗೆ ಸಿಕ್ಕುವ ತನಕ ರಾಗವನ್ನು ಕಟ್ಟಲು ಒಪ್ಪದ ಈ ಶ್ರದ್ಧೆಯನ್ನು ನಾವು ಗಮನಿಸಬೇಕು. ಕ್ರಿಸ್ಟೀನ ರೊಸೆಟ್ಟಿಯವರು ಬರೆದ, ಚಳಿಗಾಲದ ನಡುವೆ ಕ್ರಿಸ್ತನು ಹುಟ್ಟಿದ್ದನ್ನು ಕುರಿತಾದ ಕವಿತೆಗೆ ಸರಳವಾದ ರಾಗವನ್ನು ಕೊಟ್ಟವರೂ ಇವರೇ. ಅದು 1906ರಲ್ಲಿ ಇಂಗ್ಲಿಷ್ ಸಂಗೀತ ಪುಸ್ತಕವೊಂದರಲ್ಲಿ ಅಚ್ಚಾಯಿತು. ಕವಯಿತ್ರಿಯು 1894ರಲ್ಲಿಯೇ ತೀರಿಹೋಗಿದ್ದರು. ತಮ್ಮ ಮಾತನ್ನು ಆ ರಾಗದಲ್ಲಿ ಒಂದು ಸಾರಿಯೂ ಕೇಳಲಿಲ್ಲ. ಆದರೂ ಇಂದು ಕ್ರಿಸ್ಮಸ್ ಕಾಲದಲ್ಲಿ ಹಿಮವನ್ನೇ ಕಾಣದ ದೇಶಗಳ ಮಕ್ಕಳು ಕೂಡ ಅದನ್ನು ಹಾಡುತ್ತಾರೆ.

ಎರಡನೆಯ ದೃಷ್ಟಾಂತವು ದುಃಖದ್ದು. ಮಾರ್ಗರೆಟ್ ಡ್ರೈಬರ್ಗ್ ಎಂಬವರು ಚೀನದಲ್ಲಿಯೂ ಸಿಂಗಪುರದಲ್ಲಿಯೂ ಸೇವೆಮಾಡಿದ ಪ್ರೆಸ್ಬಿಟೇರಿಯನ್ ಮಿಶನರಿ ಉಪಾಧ್ಯಾಯಿನಿ. 1942ರಲ್ಲಿ ಸಿಂಗಪುರವು ಜಪಾನೀಯರ ವಶವಾದಾಗ ಅಲ್ಲಿಂದ ಹೊರಟ ಅನೇಕ ಸ್ತ್ರೀಯರೊಂದಿಗೆ ಇವರೂ ಸೆರೆಸಿಕ್ಕಿ ಸುಮಾತ್ರ ದ್ವೀಪದ ಶಿಬಿರದಲ್ಲಿ ಇಡಲ್ಪಟ್ಟರು. ಅದೇ ವರ್ಷ ಸೆರೆಯವರಿಗಾಗಿ ಒಂದು ಪ್ರಾರ್ಥನೆಯ ಕವಿತೆಯನ್ನು ಬರೆದು ರಾಗವನ್ನೂ ತಾವೇ ಕಟ್ಟಿದರು. ಅಲ್ಲಿಂದ ಮುಂದೆ ಶಿಬಿರದಲ್ಲಿ ಭಾನುವಾರದ ಆರಾಧನೆಯಲ್ಲಿ ಅದನ್ನು ಹಾಡುವುದು ವಾಡಿಕೆಯಾಯಿತು. ಸಂಗೀತದಲ್ಲಿ ತರಬೇತಿ ಹೊಂದಿದ ನೋರಾ ಚೇಂಬರ್ಸ್ ಎಂಬವರೊಂದಿಗೆ ಸೇರಿ, ವಾದ್ಯಗಳಿಲ್ಲದ ಆ ಸ್ಥಳದಲ್ಲಿ ಸುಮಾರು 30 ಸ್ತ್ರೀಯರ ಕಂಠಗಳಿಂದಲೇ ವಾದ್ಯಮೇಳದ ಕೃತಿಗಳನ್ನು ಹಾಡಿಸಿದರು. ಸ್ವರಗಳನ್ನು ನೆನಪಿನಿಂದಲೇ ಬರೆದುಕೊಂಡರು. 1943ರ ಡಿಸೆಂಬರ್ 27ರಂದು ಮೊದಲನೆಯ ಗಾನಸಭೆಯಾಯಿತು. ಹಸಿವೂ ಜ್ವರವೂ ಹೆಚ್ಚಾಗಿ, ಹಾಡುವವರಲ್ಲಿ ಸುಮಾರು ಅರ್ಧ ಮಂದಿ ಸತ್ತುಹೋದ ಮೇಲೆ ಹಾಡು ನಿಂತಿತು. ಡ್ರೈಬರ್ಗರು 1945ರ ಏಪ್ರಿಲಿನಲ್ಲಿ, ಬಿಡುಗಡೆಗೆ ಕೆಲವೇ ತಿಂಗಳು ಮೊದಲು, ತೀರಿಹೋದರು. ಆದರೆ ಆ ಸ್ವರಲಿಪಿಯ ಹಾಳೆಗಳು ಉಳಿದವು. 1983ರಲ್ಲಿ ಕ್ಯಾಲಿಫೋರ್ನಿಯದ ಸ್ತ್ರೀಯರ ಗಾಯನ ಮಂಡಳಿಯೊಂದು ಅವುಗಳನ್ನು ಹಾಡಿದಾಗ, ಬದುಕಿ ಉಳಿದ ಕೆಲವರು ಕೇಳಲು ಬಂದಿದ್ದರು. ನಲವತ್ತು ವರ್ಷಗಳಾದ ಮೇಲೆಯೂ ಅದು ಅವರಿಗೆ ಹಳೆಯ ಹಾಡಾಗಿರಲಿಲ್ಲ.

ಸೆರೆಯಲ್ಲಿ ಪುಸ್ತಕವಿಲ್ಲ, ಪಿಯಾನೋ ಇಲ್ಲ, ಹೊಟ್ಟೆಗೆ ಅನ್ನವಿಲ್ಲ. ಅವರ ಬಳಿಯಲ್ಲಿ ಇದ್ದದ್ದು ಹಿಂದೆ ಕಲಿತದ್ದು ಮಾತ್ರ. ಅವರು ಬಾಲ್ಯದಲ್ಲಿ ಓದಿದ ಶಾಲೆಗಳಲ್ಲಿಯೂ ಪರೀಕ್ಷೆಗಾಗಿ ಹಾಡಿನ ಗಂಟೆಯನ್ನು ತೆಗೆದುಹಾಕಿದ್ದರೆ ಆ ಶಿಬಿರದಲ್ಲಿ ಏನು ಉಳಿಯುತ್ತಿತ್ತು?

ಸಂಗೀತವು ಕವಿತೆಗೆ ಆಭರಣವನ್ನು ತೊಡಿಸುವುದಲ್ಲದೆ ಬೇರೇನನ್ನು ಮಾಡುತ್ತದೆಂದು ಕೇಳುವವರುಂಟು. ಅವರಿಗೆ ಬೆಂಜಮಿನ್ ಬ್ರಿಟನ್ನರ ಯುದ್ಧಶಾಂತಿ ಪ್ರಾರ್ಥನೆಯ ಕೃತಿಯನ್ನು ತೋರಿಸಬೇಕು. 1940ರ ನವೆಂಬರಿನಲ್ಲಿ ಬಾಂಬುಗಳಿಂದ ಹಾಳಾದ ಕೊವೆಂಟ್ರಿಯ ಮಹಾದೇವಾಲಯದ ಪಕ್ಕದಲ್ಲಿ ಹೊಸ ದೇವಾಲಯವು ಎದ್ದಾಗ, 1962ರ ಮೇ 30ರಂದು ಇದನ್ನು ಅಲ್ಲಿ ಮೊದಲ ಸಾರಿ ಹಾಡಿದರು. ಸತ್ತವರಿಗಾಗಿ ಸಭೆಯು ಹಾಡುವ ಹಳೆಯ ಲ್ಯಾಟಿನ್ ಪ್ರಾರ್ಥನೆಗಳ ನಡುನಡುವೆ, ಒಂದನೆಯ ಮಹಾಯುದ್ಧದ ಸೈನಿಕ ಕವಿ ವಿಲ್ಫ್ರೆಡ್ ಓವನ್ನರ ಒಂಬತ್ತು ಕವಿತೆಗಳನ್ನು ಬ್ರಿಟನ್ನರು ಸೇರಿಸಿದ್ದಾರೆ. ಓವನ್ನರು 1918ರ ನವೆಂಬರ್ 4ರಂದು, ಯುದ್ಧವು ನಿಲ್ಲುವುದಕ್ಕೆ ಒಂದು ವಾರ ಮೊದಲು, 25ನೆಯ ವಯಸ್ಸಿನಲ್ಲಿ ಮಡಿದರು. ಶಾಂತಿಯ ಘಂಟೆಗಳು ಮೊಳಗುತ್ತಿದ್ದ ದಿನದಲ್ಲಿಯೇ ಆ ಸುದ್ದಿಯ ತಂತಿಯು ಅವರ ತಾಯಿಗೆ ಮುಟ್ಟಿತು.

ಅವರ ಒಂದು ಕವಿತೆಯು ಅಬ್ರಹಾಮನೂ ಇಸಾಕನೂ ಬೆಟ್ಟಕ್ಕೆ ಹೋದ ಕಥೆಯನ್ನು ಹೇಳುತ್ತದೆ. ಆದರೆ ಕೊನೆಯಲ್ಲಿ ದೇವದೂತನು ಕೂಗಿ ಟಗರನ್ನು ತೋರಿಸಿದರೂ ಮುದುಕನು ಕೇಳದೆ ಮಗನನ್ನು ಕೊಂದುಬಿಡುತ್ತಾನೆ. ಯೂರೋಪಿನ ಮಕ್ಕಳನ್ನೂ ಹಾಗೆಯೇ ಕೊಲ್ಲುತ್ತಾನೆ. ದೇವರು ಅಬ್ರಹಾಮನಿಗೆ ಮಾಡಿದ ವಾಗ್ದಾನವನ್ನು ಮಂಡಳಿಯವರು ಉಲ್ಲಾಸದಿಂದ ಹಾಡಿದ ಕೂಡಲೇ ಬ್ರಿಟನ್ನರು ಈ ಕವಿತೆಯನ್ನು ತರುತ್ತಾರೆ. ಕವಿತೆಯ ಕೊನೆಯ ಮಾತುಗಳನ್ನು ಗಾಯಕರು ಮರಳಿ ಮರಳಿ ಹಾಡುತ್ತಿರಲು, ದೂರದಲ್ಲಿ ನಿಂತ ಬಾಲಕರು ಬಲಿಯನ್ನು ಅರ್ಪಿಸುವ ಪ್ರಾರ್ಥನೆಯನ್ನು ಹಾಡುತ್ತಾರೆ. ಆಮೇಲೆ ಅದೇ ವಾಗ್ದಾನವು ಮತ್ತೆ ಬರುತ್ತದೆ, ಈ ಸಾರಿ ಅತ್ಯಂತ ಮೆಲುದನಿಯಲ್ಲಿ. ಕವಿತೆಯನ್ನು ಬರಿದೇ ಓದಿದಾಗ ನಮಗೆ ಒಂದು ಮಾತು ಮಾತ್ರ ಕೇಳುತ್ತದೆ. ಇಲ್ಲಿ ವಾಗ್ದಾನವೂ, ಅದನ್ನು ಮುರಿದವನ ಕಥೆಯೂ, ಬಲಿಯಾಗಲಿರುವ ಮಕ್ಕಳ ದನಿಯೂ ಕಿವಿಯಲ್ಲಿ ಒಟ್ಟಿಗೆ ನಿಲ್ಲುತ್ತವೆ. ಯುದ್ಧವು ತಪ್ಪೆಂದು ನೂರು ಪ್ರಸಂಗಗಳಲ್ಲಿ ಕೇಳಿ ಮರೆತವನೂ ಇದನ್ನು ಮರೆಯಲಾರನು.

ಇಷ್ಟು ಬಲವುಳ್ಳ ಸಾಧನವು ಕೆಟ್ಟದ್ದಕ್ಕೂ ಉಪಯೋಗವಾಗಬಹುದೆಂಬುದು ನಿಜವೇ. ದ್ವೇಷದ ಹಾಡನ್ನು ಕೂಡಿ ಹಾಡಿದವರಲ್ಲಿ ದ್ವೇಷವೂ ಹಾಗೆಯೇ ಬೇರೂರುತ್ತದೆ. ಎಳೆಯ ಮಕ್ಕಳಿಗೆ ಅಂಥ ಹಾಡುಗಳನ್ನು ಕಲಿಸಿದ ಅಧಿಪತಿಗಳನ್ನು ಕಳೆದ ಶತಮಾನವು ಕಂಡಿದೆ. ಅದಕ್ಕೆ ಪರಿಹಾರವು ಹಾಡನ್ನು ಬಿಡುವುದಲ್ಲ, ಕವಿತೆಯನ್ನು ವಿವೇಕದಿಂದ ಆರಿಸುವುದೇ. ಎಸ್ಟೋನಿಯ ದೇಶವನ್ನು ನೋಡಿರಿ. ಲಿಡಿಯ ಕೊಯ್ಡುಲ ಎಂಬ ತರುಣಿಯು ಸ್ವದೇಶವನ್ನು ಪ್ರೀತಿಸಿ ಬರೆದ ಕವಿತೆಯನ್ನು 1869ರಲ್ಲಿ ಅಲ್ಲಿಯ ಮೊದಲನೆಯ ಗಾನೋತ್ಸವದಲ್ಲಿ ಹಾಡಿದರು. ಹಾಡಿದವರೆಲ್ಲರೂ ಗಂಡಸರೇ, ಯಾಕಂದರೆ ಸ್ತ್ರೀಯರಿಗೆ ಆಗ ಆ ಮಂಡಳಿಗಳಲ್ಲಿ ಸ್ಥಳವಿರಲಿಲ್ಲ. ಗುಸ್ತಾವ್ ಎರ್ನೆಸಾಕ್ಸ್ ಎಂಬವರು ಅದೇ ಕವಿತೆಗೆ ಕಟ್ಟಿದ ಹೊಸ ರಾಗವನ್ನು 1947ರ ಉತ್ಸವದಲ್ಲಿ ಹಾಡಿದರು. ಸೋವಿಯತ್ ಅಧಿಕಾರಿಗಳು ಬಳಿಕ ಅದನ್ನು ತಡೆದರು. ಆದರೂ 1960ರಲ್ಲಿ ಜನರು ಅಪ್ಪಣೆಗಾಗಿ ಕಾಯದೆ ಅದನ್ನು ಹಾಡಿದರು. 1991ರಲ್ಲಿ ಆ ದೇಶವು ಸ್ವಾತಂತ್ರ್ಯವನ್ನು ಮರಳಿ ಪಡೆಯಿತು. ಆ ಕವಿತೆಯಲ್ಲಿ ಪ್ರೀತಿಯಿತ್ತು, ಹಗೆಯಿರಲಿಲ್ಲ.

ಇನ್ನು ನಮ್ಮ ಕನ್ನಡದ ಮಾತಿಗೆ ಬರೋಣ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಯೂರೋಪಿನ ರಾಗಗಳು ಕನ್ನಡದ ಮಾತುಗಳನ್ನು ಹೊತ್ತು ನಮ್ಮ ಸಭೆಗಳಿಗೆ ಬಂದವು. ಅವು ನಮ್ಮ ಅಜ್ಜಿಯರ ಕಣ್ಣೀರನ್ನು ಒರಸಿದ ಹಾಡುಗಳು. ಅವುಗಳನ್ನು ನಾನು ಹಗುರವಾಗಿ ಎಣಿಸಲಾರೆನು. ಆದರೆ ಆ ದೇಶಗಳ ಪದ್ಯವು ಉಚ್ಚಾರದ ಒತ್ತಿನ ಮೇಲೆ ನಡೆಯುತ್ತದೆ. ಕನ್ನಡದ ಪದ್ಯವು ಲಘು ಗುರುಗಳ ಅಳತೆಯ ಮೇಲೆ ನಡೆಯುತ್ತದೆ. ರಾಗವು ಲಘುವನ್ನು ಎಳೆದರೆ 'ಮನ' ಎಂಬುದು 'ಮಾನ'ವಾಗುತ್ತದೆ. ದೇವರಲ್ಲಿ 'ಬಲ'ವನ್ನು ಬೇಡುವವರು 'ಬಾಲ'ವನ್ನು ಬೇಡಿದಂತಾಗುತ್ತದೆ! ಅರ್ಥ ಕೆಟ್ಟ ಮಾತು ಹೃದಯದಲ್ಲಿ ಹೇಗೆ ನಿಂತೀತು? ಕಿಟ್ಟೆಲ್ ದೊರೆಗಳು ಇದನ್ನು ಚೆನ್ನಾಗಿ ಅರಿತಿದ್ದರು. 1862ರಲ್ಲಿ 'ಕಥಾಮಾಲೆ'ಯನ್ನು ನಮ್ಮ ದೇಶದ ಛಂದಸ್ಸಿನಲ್ಲಿಯೇ ಬರೆದರು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿ ಪ್ರಕಟಿಸಿದರು. ಕನ್ನಡದಲ್ಲಿ ಉತ್ತಮವಾದ ಕವಿತೆಗಳಿಗೆ ಕೊರತೆಯಿಲ್ಲ. ಮಾತಿನ ಅಳತೆಯನ್ನು ಕೆಡಿಸದೆ, ಎರಡು ಮೂರು ದನಿಗಳಲ್ಲಿ ಬಾಲಕಿಯರು ಹಾಡತಕ್ಕ ರೀತಿಯಲ್ಲಿ ಅವುಗಳಿಗೆ ರಾಗಗಳನ್ನು ಕಟ್ಟುವ ಕೆಲಸವು ಬಹಳವಾಗಿ ಉಳಿದಿದೆ. ಇದನ್ನು ನಮ್ಮ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಮಾಡಬಾರದೇಕೆ?

ಶಾಲೆಯಲ್ಲಿ ಮಾಡತಕ್ಕದ್ದು ಹೆಚ್ಚೇನೂ ಅಲ್ಲ. ಮೊದಲು ಕವಿತೆಯನ್ನು ಓದಿ ಅರ್ಥವನ್ನು ಬಿಡಿಸಿ ಹೇಳಬೇಕು, ಆಮೇಲೆ ರಾಗ. ಕಂಠವು ಇಂಪಾಗಿದ್ದವರನ್ನು ಮಾತ್ರ ಆರಿಸಿ ಉಳಿದವರನ್ನು ಹಿಂದೆ ಕೂರಿಸಕೂಡದು, ಎಲ್ಲರೂ ಹಾಡಬೇಕು. ಯಂತ್ರದಿಂದ ಬರುವ ಸಂಗೀತಕ್ಕೆ ತುಟಿಯಾಡಿಸುವುದನ್ನು ಹಾಡೆಂದು ಕರೆಯಬಾರದು. ಪಕ್ಕದವಳ ದನಿಯನ್ನು ಕೇಳಿ ತನ್ನ ದನಿಯನ್ನು ಹೊಂದಿಸಿಕೊಳ್ಳುವುದನ್ನು ಯಂತ್ರವು ಕಲಿಸಲಾರದು. ವರ್ಷಕ್ಕೆ ಆರು ಹಾಡುಗಳು ಸಾಕು, ಆದರೆ ಪುಸ್ತಕವಿಲ್ಲದೆ ಬರುವಂತೆ ಕಲಿಯಬೇಕು. ಐದು ವರ್ಷಗಳಲ್ಲಿ ಮೂವತ್ತು ಕವಿತೆಗಳ ಬುತ್ತಿಯನ್ನು ಕಟ್ಟಿಕೊಂಡು ಬಾಲಕಿಯು ಶಾಲೆಯನ್ನು ಬಿಡುವಳು. ವಾರಕ್ಕೆ ಎರಡು ಗಂಟೆಗಳು ಇದಕ್ಕೆ ದುಬಾರಿಯಾದ ಬೆಲೆಯೇ?

ತಾಯಿತಂದೆಗಳೇ, ನಿಮ್ಮ ಮಗಳ ಅಂಕಪಟ್ಟಿಯನ್ನು ಕೇಳುವ ಜನರು ಕೆಲವು ವರ್ಷಗಳ ವರೆಗೆ ಇರುವರು; ಆಮೇಲೆ ಅದನ್ನು ಯಾರೂ ಕೇಳುವುದಿಲ್ಲ. ತೊಟ್ಟಿಲಿನ ಬಳಿಯಲ್ಲಿ, ರೋಗಿಯ ಹಾಸಿಗೆಯ ಬಳಿಯಲ್ಲಿ, ಒಬ್ಬಳೇ ಕುಳಿತ ಪರವೂರಿನ ಸಂಜೆಯಲ್ಲಿ ಅವಳ ಬಾಯಿಗೆ ತಾನಾಗಿ ಬರುವುದು ಯಾವುದೆಂಬುದನ್ನು ಈಗಲೇ ಯೋಚಿಸಿರಿ. ಪ್ರಿಯ ವಿದ್ಯಾರ್ಥಿನಿಯರೇ, ನೀವು ಎಲ್ಲಿಗೆ ಹೋದರೂ ನಿಮ್ಮ ಪಾಲಿನ ದನಿಯನ್ನು ಮರೆಯಬೇಡಿರಿ. ಹೊಸ ಊರಿನಲ್ಲಿ ನಾಲ್ವರು ಸಿಕ್ಕಿದರೆ ಕೂಡಿ ಹಾಡಿರಿ. ಮಕ್ಕಳಿದ್ದರೆ ಅವರಿಗೂ ಕಲಿಸಿರಿ. ಹಾಡಿನ ಗಂಟೆಯು ಈ ಶಾಲೆಯ ವೇಳಾಪಟ್ಟಿಯಲ್ಲಿ, ಪರೀಕ್ಷೆಯ ತಿಂಗಳಲ್ಲಿಯೂ, ಉಳಿಯುವಂತೆ ದೇವರು ನಮಗೆ ಬುದ್ಧಿಯನ್ನು ಕೊಡಲಿ.