ಬೃಹತ್ ಯೋಜನೆಗಳ ವಿಳಂಬ: ದೋಷ ಕಾಯಿದೆಯದೋ, ಅರ್ಜಿಯದೋ?

ಹೆದ್ದಾರಿ, ಬಂದರುಗಳಂತಹ ಯೋಜನೆಗಳು ತಡವಾದಾಗಲೆಲ್ಲ ಪರಿಸರ ಅನುಮತಿಯ ನಿಯಮಗಳನ್ನು ದೂರುವುದು ಉದ್ಯಮ ವಲಯದಲ್ಲಿ ವಾಡಿಕೆಯಾಗಿದೆ. ಬೆಂಗಳೂರಿನ ಪೆರಿಫೆರಲ್ ವರ್ತುಲ ರಸ್ತೆಯ ಕಡತವನ್ನು ನೋಡಿದರೆ ಈ ದೂರು ನಿಲ್ಲುವಂತಿಲ್ಲ.

ತುಮಕೂರು ರಸ್ತೆಯಿಂದ ಹೊಸೂರು ರಸ್ತೆಯವರೆಗಿನ ಸುಮಾರು 65 ಕಿ.ಮೀ. ಮಾರ್ಗಕ್ಕೆ 2005ರಲ್ಲಿ ಪ್ರಾಥಮಿಕ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ ಹೊರಟವು. ಪರಿಸರ ಅನುಮತಿ ದೊರೆತದ್ದು 2014ರ ನವೆಂಬರ್‌ನಲ್ಲಿ. 2020ರ ಮಾರ್ಚ್ 17ರಂದು ಸರ್ವೋಚ್ಚ ನ್ಯಾಯಾಲಯವು ಹೊಸದಾಗಿ ಪರಿಣಾಮ ಅಧ್ಯಯನ ನಡೆಸುವಂತೆ ಆದೇಶಿಸಿತು. ವರದಿಯ ಮೂಲ ಅಂಕಿಅಂಶಗಳು ಮೂರು ವರ್ಷಕ್ಕಿಂತ ಹಳೆಯವಾಗಿದ್ದವು. ಕಡಿಯಬೇಕಾದ ಮರಗಳ ಲೆಕ್ಕ ತಾಳೆಯಾಗಲಿಲ್ಲ. ಪೆಟ್ರೋಲಿಯಂ ಕೊಳವೆ ಮಾರ್ಗದ ವಿವರವೂ ಸರಿಯಾಗಿ ನಮೂದಾಗಿರಲಿಲ್ಲ. ಇವೆಲ್ಲ ಅರ್ಜಿದಾರರೇ ಮಾಡಿದ ಲೋಪಗಳು. ಅಧಿಸೂಚಿತ ಜಮೀನಿನ ಮೇಲೆ ಸಾಲ ನೀಡಲು ಬ್ಯಾಂಕುಗಳು ಹಿಂಜರಿಯುತ್ತವೆ, ಶೆಡ್ ವಿಸ್ತರಣೆಗೆ ಪರವಾನಗಿ ಸಿಗುವುದಿಲ್ಲ ಎಂಬುದನ್ನು ಸಣ್ಣ ಕೈಗಾರಿಕೋದ್ಯಮಿಗಳಿಗೆ ಹೇಳಿಕೊಡಬೇಕಾಗಿಲ್ಲ.

ಕಾಯಿದೆಯ ಗಡಿಯಾರವಾದರೋ ಅಷ್ಟೇನೂ ನಿಧಾನವಲ್ಲ. 2006ರ ಅಧಿಸೂಚನೆಯ ಪ್ರಕಾರ ಅಂತಿಮ ವರದಿಯ ಪರಿಶೀಲನೆಗೆ 60 ದಿನ, ನಿರ್ಧಾರಕ್ಕೆ 45 ದಿನ. ಅದಕ್ಕೂ ಮುನ್ನ ಸಾರ್ವಜನಿಕ ಅಹವಾಲು ಸಭೆ. ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯು ಒಂದು ರಾಷ್ಟ್ರೀಯ ಹಾಗೂ ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ಕನಿಷ್ಠ 30 ದಿನಗಳ ಪೂರ್ವಸೂಚನೆ ನೀಡಬೇಕು. ಕರಡು ವರದಿಯನ್ನು, ಕನ್ನಡ ಸಾರಾಂಶ ಸಹಿತ, ಜಿಲ್ಲಾಧಿಕಾರಿ ಕಚೇರಿಯಲ್ಲಷ್ಟೇ ಅಲ್ಲ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿಯೂ ಇಡಬೇಕೆಂಬುದು ಬಹುಮಂದಿಗೆ ತಿಳಿಯದು. ಸಹಾಯಧನದ ಅರ್ಜಿಗಾಗಿ ಉದ್ಯಮಿಗಳು ಹತ್ತಿ ಇಳಿಯುವ ಅದೇ ಮೆಟ್ಟಿಲುಗಳು! ಸ್ಥಳೀಯ ನಿವಾಸಿಯಲ್ಲದ, ಆದರೆ ಅಲ್ಲಿ ಮಳಿಗೆಯನ್ನೋ ಗೋದಾಮನ್ನೋ ಹೊಂದಿದವರು ಲಿಖಿತ ಅಭಿಪ್ರಾಯ ಸಲ್ಲಿಸಬಹುದು.

ರಾಷ್ಟ್ರೀಯ ಹೆದ್ದಾರಿಗೆ ಜಮೀನು ಹೋಗುವವರಿಗೆ ಅವಧಿ ಇನ್ನೂ ಕಡಿಮೆ. 1956ರ ಕಾಯಿದೆಯಂತೆ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಇಂತಹ ಪ್ರಕಟಣೆಗಳ ಮೇಲೆ ಕಣ್ಣಿಟ್ಟು ಸದಸ್ಯರಿಗೆ ತಿಳಿಸುವ ಕೆಲಸವನ್ನು ವಾಣಿಜ್ಯ ಸಂಸ್ಥೆಗಳು ವಹಿಸಿಕೊಂಡರೆ, ಶೀಘ್ರ ಅನುಮತಿ ಕೋರಿ ಸಚಿವರಿಗೆ ಸಲ್ಲಿಸುವ ಮನವಿಗಳಿಗಿಂತ ಹೆಚ್ಚು ಪ್ರಯೋಜನವಾದೀತು.

"ವ್ಯಾಪಾರಕ್ಕೆ ನಷ್ಟವಾಗುತ್ತದೆ" ಎಂಬಷ್ಟೇ ಆಕ್ಷೇಪಣೆ ನಡಾವಳಿಯಲ್ಲಿ ಒಂದು ಸಾಲಾಗಿ ಉಳಿಯುತ್ತದೆ. ಸರ್ವೆ ನಂಬರು, ಲಾರಿ ತಿರುಗಲು ಬೇಕಾದ ಅಗಲ, ಮಳೆನೀರು ಹರಿಯುವ ದಿಕ್ಕು, ಮುಚ್ಚಿಹೋಗಲಿರುವ ಅಡ್ಡರಸ್ತೆ ಇವುಗಳನ್ನು ನಮೂದಿಸಿದ ಆಕ್ಷೇಪಣೆಗೆ ಅಂತಿಮ ವರದಿಯಲ್ಲಿ ಉತ್ತರ ಕೊಡುವುದು ಅರ್ಜಿದಾರರ ಹೊಣೆ.